ತೂಕ ಮತ್ತು ಬಿಳಿ ರಕ್ತಕಣ: ಒಂದೇ ಹಾಳೆಯ ಎರಡು ಅಂಕಣಗಳು

ಕ್ಷಯರೋಗಿಗಳ ಚಿಕಿತ್ಸೆಗೆ ತೊಡಗಿದ ಮೊದಲ ವರ್ಷಗಳಲ್ಲಿ, ರಕ್ತಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ನಾನು ನೋಡುತ್ತಿದ್ದುದು ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆಯನ್ನು. ವಯಸ್ಕರಲ್ಲಿ ಅದು ಮೈಕ್ರೋಲೀಟರಿಗೆ ಸುಮಾರು 4,000ದಿಂದ 11,000. ಸೋಂಕಿದ್ದರೆ ಏರಲೇಬೇಕೆಂದು ನಂಬಿದ್ದೆ. ಆದರೆ ಕಫದಲ್ಲಿ ರೋಗಾಣು ಕಂಡುಬಂದಿದ್ದ ಒಬ್ಬರ ವರದಿಯಲ್ಲಿ 7,800 ಎಂದಿತ್ತು. ಅವರ ತೂಕ 41 ಕಿಲೋ. ಕಾಯಿಲೆಗೆ ಮುಂಚೆ 52 ಇತ್ತಂತೆ. ಅಂದಿನಿಂದ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯತೊಡಗಿದೆ.

ಕ್ಷಯದಲ್ಲಿ ಒಟ್ಟು ಸಂಖ್ಯೆ ಸಹಜ ಮಿತಿಯಲ್ಲೇ ಇರುವುದು ಅಥವಾ ತುಸು ಏರಿರುವುದು ಸಾಮಾನ್ಯ. ರೋಗ ರಕ್ತದ ಮೂಲಕ ದೇಹವೆಲ್ಲ ಹರಡಿದಾಗ ಇಳಿಯುವುದೂ ಉಂಟು. ಹೀಗಾಗಿ ಬಿಳಿ ಕಣಗಳನ್ನು ನ್ಯೂಟ್ರೋಫಿಲ್, ಲಿಂಫೋಸೈಟ್ ಮುಂತಾದ ಬಗೆಗಳಾಗಿ ಎಣಿಸುವ ವಿಂಗಡಣೆಯೇ ನನಗೆ ಹೆಚ್ಚು ನೆರವಾಯಿತು. ರೋಗ ಬಲಿತವರಲ್ಲಿ ನ್ಯೂಟ್ರೋಫಿಲ್‌ಗಳು ಹೆಚ್ಚಿ ಲಿಂಫೋಸೈಟ್‌ಗಳು ತಗ್ಗಿರುವುದನ್ನೂ, ಔಷಧ ಹಿಡಿದಂತೆ ಇವು ಸಹಜ ಪ್ರಮಾಣಕ್ಕೆ ಮರಳುವುದನ್ನೂ ಮತ್ತೆ ಮತ್ತೆ ಕಂಡೆ. ಸ್ಟಿರಾಯ್ಡ್ ಕೊಟ್ಟರೂ ನ್ಯೂಟ್ರೋಫಿಲ್ ಏರುವುದರಿಂದ ಅದನ್ನು ಪಕ್ಕದಲ್ಲೇ ಗುರುತು ಹಾಕುತ್ತೇನೆ.

ತೂಕ ಇಳಿಯಲು ಊಟ ಸೇರದಿರುವುದಷ್ಟೇ ಕಾರಣವಲ್ಲ. ರೋಗಾಣುವಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಸ್ರವಿಸುವ ಟಿಎನ್‌ಎಫ್ ಎಂಬ ಪ್ರೋಟೀನಿನಂತಹ ವಸ್ತುಗಳು ಹಸಿವನ್ನು ಕುಗ್ಗಿಸುವುದರ ಜೊತೆಗೆ ಸ್ನಾಯುವನ್ನೂ ಕೊಬ್ಬನ್ನೂ ಕರಗಿಸುತ್ತವೆ. ಇದನ್ನು ಅರಿತ ಮೇಲೆ ಆ ಎರಡು ಅಂಕಣಗಳು ನನಗೆ ಬೇರೆ ಬೇರೆ ವಿಷಯಗಳಾಗಿ ಉಳಿಯಲಿಲ್ಲ.

ತೂಕ ನೋಡುವುದರಲ್ಲಿ ನಾನು ತಪ್ಪಿದ್ದೇ ಹೆಚ್ಚು. ಒಬ್ಬರ ತೂಕ ತಿಂಗಳಲ್ಲಿ ಒಂದೂವರೆ ಕಿಲೋ ಇಳಿದಿದೆಯೆಂದು ಗಾಬರಿಗೊಂಡು ವಿಚಾರಿಸಿದಾಗ, ಹಿಂದಿನ ಸಲ ಪಾದರಕ್ಷೆ ಮತ್ತು ದಪ್ಪ ಮೇಲಂಗಿ ಸಮೇತ ತೂಗಿದ್ದುದು ತಿಳಿಯಿತು. ಇನ್ನೊಬ್ಬರು ಹದಿನೈದು ದಿನಗಳಲ್ಲಿ ಮೂರು ಕಿಲೋ ಏರಿದಾಗ ಸಂತೋಷಪಟ್ಟಿದ್ದೆ. ಪಾದವನ್ನು ಒತ್ತಿ ನೋಡಿದರೆ ಬೆರಳ ಗುರುತು ಹಾಗೆಯೇ ಉಳಿಯಿತು, ಏರಿದ್ದು ನೀರು. ಈಗ ಒಂದೇ ಯಂತ್ರದಲ್ಲಿ, ಮುಳ್ಳು ಸೊನ್ನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು, ಬರಿಗಾಲಿನಲ್ಲಿ, ತೆಳು ಬಟ್ಟೆಯಲ್ಲಿ ತೂಗಿಸಿ, ಕಾಲು ಊದಿದೆಯೇ ಎಂದು ನೋಡಿದ ಮೇಲೆಯೇ ಬರೆಯುತ್ತೇನೆ. ಕ್ಷಯದ ಔಷಧಗಳಾದ ರಿಫಾಂಪಿಸಿನ್ ಕಿಲೋಗೆ ಸುಮಾರು 10 ಮಿಲಿಗ್ರಾಂ, ಐಸೋನಿಯಾಜಿಡ್ 5 ಮಿಲಿಗ್ರಾಂ ಎಂದು ತೂಕದ ಮೇಲೆಯೇ ಪ್ರಮಾಣ ನಿಗದಿಯಾಗುವುದರಿಂದ ಈ ಎಚ್ಚರ ಅತಿಯೆಂದು ನನಗೆ ಅನ್ನಿಸುವುದಿಲ್ಲ.

ಮೊದಲೇ ತೂಕ ಕಡಿಮೆಯಿದ್ದವರು ಮೊದಲ ಎರಡು ತಿಂಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಏರದಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಅಂಥವರ ಹಾಳೆಯನ್ನು ಬೇರೆ ಇಟ್ಟು, ಮಾತ್ರೆ ತಪ್ಪಿದೆಯೇ, ಮಧುಮೇಹವಿದೆಯೇ ಎಂದು ವಿಚಾರಿಸಿ, ಕಫವನ್ನು ಮತ್ತೆ ಪರೀಕ್ಷೆಗೆ ಕಳುಹಿಸುತ್ತೇನೆ. ಆ 41 ಕಿಲೋದವರು ಎರಡನೇ ತಿಂಗಳಿಗೆ 45, ಆರನೇ ತಿಂಗಳಿಗೆ 49 ಕಿಲೋ ತೂಗಿದರು. ಕಫದಲ್ಲಿ ರೋಗಾಣು ಇರಲಿಲ್ಲ. ಬಿಳಿ ರಕ್ತಕಣಗಳ ಅಂಕಣದಲ್ಲಿ ಆ ದಿನ ಬರೆದದ್ದು 7,100.