ಎಂಟು ಕವರಲ್ಲಿ ಒಂದು ನಿಕ್ಸಿ ಗಡಿಯಾರ

ಮೂರು ವರ್ಷದಿಂದ ನಮ್ಮನೆ ಟೀವಿ ಪಕ್ಕ ಒಂದು ನಿಕ್ಸಿ ಗಡಿಯಾರ ಓಡ್ತಾ ಇದೆ. ಜನರಲ್ ಪರ್ಪಸ್ ಬೋರ್ಡ್ ಮೇಲೆ ವೈರ್ ಎಳೆದು ನಾನೇ ಮಾಡಿದ್ದು. ಮನೆಗೆ ಬಂದೋರೆಲ್ಲ ಆ ಕಿತ್ತಳೆ ಬೆಳಕು ನೋಡಿ ನಂಗೂ ಒಂದು ಮಾಡ್ಕೊಡು ಅಂತಿದ್ರು. ಮಾಡ್ಕೊಡೋಕಾಗಲ್ಲ, ನೀವೇ ಜೋಡಿಸ್ಕೊಳ್ಳೋ ಹಾಗೆ ಕಿಟ್ ಕೊಡ್ತೀನಿ ಅಂದ್ಬಿಟ್ಟೆ. ಗಡಿಯಾರ ಮಾಡೋದೇ ಬೇರೆ, ಕಿಟ್ ಮಾಡೋದೇ ಬೇರೆ ಅಂತ ಆಮೇಲೆ ಗೊತ್ತಾಯ್ತು. ನನ್ನ ಬೋರ್ಡಲ್ಲಿ ತಪ್ಪಾದ್ರೆ ನಾನೇ ಸರಿ ಮಾಡ್ಕೋತೀನಿ, ಕಿಟ್ಟಲ್ಲಿ ಸೋಲ್ಡರ್ ಮಾಡೋ ಕೈ ಇನ್ಯಾರದ್ದೋ, ಅದೂ 180 ವೋಲ್ಟ್ ಓಡಾಡೋ ಜಾಗದಲ್ಲಿ.

ಗೊತ್ತಿಲ್ದೋರಿಗೆ ಚೂರು ಹೇಳ್ತೀನಿ. ನಿಕ್ಸಿ ಅಂದ್ರೆ ನಿಯಾನ್ ತುಂಬಿದ ಗಾಜಿನ ಟ್ಯೂಬು, ಒಳಗೆ 0ಯಿಂದ 9ರವರೆಗೆ ತೆಳು ಲೋಹದ ಅಂಕಿಗಳು ಒಂದರ ಹಿಂದೆ ಒಂದು, ಅದರ ಮುಂದೆ ಜಾಲರಿ ಥರ ಆನೋಡ್, ಅಂದ್ರೆ ಪ್ಲಸ್ ಕಡೆ. ಫಿಲಮೆಂಟ್ ಇಲ್ಲ. ಯಾವ ಅಂಕಿಯನ್ನ ಗ್ರೌಂಡ್ ಮಾಡ್ತೀವೋ ಅದರ ಸುತ್ತ ಗ್ಯಾಸ್ ಹೊಳೆಯುತ್ತೆ. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂತು, ಎಲ್‌ಇಡಿ ಬಂದ್ಮೇಲೆ ಮೂಲೆ ಸೇರ್ತು. ನಾನು ತಗೊಂಡಿದ್ದು ಸೋವಿಯತ್ ಕಾಲದ ಐಎನ್-12 ಅನ್ನೋ ಮಾಡೆಲ್, ಉಕ್ರೇನಿಂದ ಪೋಸ್ಟಲ್ಲಿ ಬಂದ ಹಳೇ ಸ್ಟಾಕು. ಐಎನ್-14 ನೋಡೋಕೆ ಇನ್ನೂ ಚೆಂದ, ಆದ್ರೆ ಅದಕ್ಕೆ ಉದ್ದುದ್ದ ವೈರ್ ಕಾಲುಗಳು, ಅಷ್ಟನ್ನೂ ಒಂದೇ ಸಲ ತೂತಿಗೆ ತೂರಿಸೋದು ಹೊಸಬರಿಗೆ ನರಕ, ಐಎನ್-12 ಆದ್ರೆ ಸಾಕೆಟ್ಟಿಗೆ ಹಾಕ್ಬಹುದು, ಒಂದು ಹೋದ್ರೆ ಕಿತ್ತು ಇನ್ನೊಂದು ಹಾಕಿದ್ರಾಯ್ತು. ಅದರಲ್ಲಿ 5 ಅಂದ್ರೆ ತಲೆಕೆಳಗಾದ 2, ಅದು ನಂಗೆ ತುಂಬಾ ಇಷ್ಟ.

ಸರ್ಕ್ಯೂಟ್ ದೊಡ್ಡದೇನಲ್ಲ. 12 ವೋಲ್ಟ್ ಅಡಾಪ್ಟರ್, ಎಂಸಿ34063 ಐಸಿ ಮತ್ತು ಐಆರ್‌ಎಫ್740 ಟ್ರಾನ್ಸಿಸ್ಟರ್ ಇಟ್ಟು 180 ವೋಲ್ಟ್‌ಗೆ ಏರಿಸೋ ಬೂಸ್ಟರ್, ನಾಲ್ಕು ಟ್ಯೂಬಿಗೆ ನಾಲ್ಕು ಕೆ155ಐಡಿ1, ಯಾವ ಅಂಕಿ ಹೊತ್ತಬೇಕು ಅಂತ ಆರಿಸೋ ಐಸಿ. ಟೈಮಿಗೆ ಡಿಎಸ್3231 ಅನ್ನೋ ಗಡಿಯಾರದ ಚಿಪ್ಪು, ಕರೆಂಟ್ ಹೋದ್ರೂ ಬಟನ್ ಸೆಲ್ ಮೇಲೆ ಓಡುತ್ತೆ, ವರ್ಷಕ್ಕೆ ಹೆಚ್ಚುಕಮ್ಮಿ ಒಂದು ನಿಮಿಷದ ಒಳಗೇ ವ್ಯತ್ಯಾಸ. ಟ್ಯೂಬು ಹೊತ್ಕೊಂಡ್ಮೇಲೆ ಸುಮಾರು 140 ವೋಲ್ಟ್ ಅದರ ಮೇಲೇ ನಿಲ್ಲುತ್ತೆ, ಉಳಿದ 40ಕ್ಕೆ 15 ಕಿಲೋ ಓಮ್ ರೆಸಿಸ್ಟರ್ ಹಾಕಿದ್ರೆ 2.7 ಮಿಲಿಆಂಪ್, ಅಷ್ಟು ಸಾಕು.

ಮೊದಲನೇ ಕಿಟ್ ಕೊಟ್ಟಿದ್ದು ಪಕ್ಕದ ಮನೆ ಹುಡುಗಿಗೆ, ಡಿಪ್ಲೊಮಾ ಎರಡನೇ ವರ್ಷ. ಎಲ್ಲಾ ಪಾರ್ಟ್ಸ್ ಒಂದೇ ಕವರಲ್ಲಿ ಹಾಕಿದ್ದೆ. ಸಂಜೆ ಬಂದು "ಅಂಕಲ್, ಪಟ್ ಅಂತು, ವಾಸನೆ ಬರ್ತಿದೆ" ಅಂದ್ಳು. ಬೋರ್ಡ್ ನೋಡಿದ್ರೆ ಔಟ್‌ಪುಟ್ ಕೆಪ್ಯಾಸಿಟರ್ ತಲೆ ಒಡೆದಿದೆ. ಕಾರಣ ಒಂದು ಡ್ರೈ ಸೋಲ್ಡರ್. ಎಷ್ಟು ವೋಲ್ಟೇಜ್ ಆಯ್ತು ಅಂತ ಐಸಿಗೆ ಹೇಳೋ ಫೀಡ್‌ಬ್ಯಾಕ್ ರೆಸಿಸ್ಟರ್ ಕಾಲು ಸರಿಯಾಗಿ ಹಿಡಿದಿರ್ಲಿಲ್ಲ, ಐಸಿ ಇನ್ನೂ ಕಮ್ಮಿ ಇದೆ ಅಂದ್ಕೊಂಡು ಏರಿಸ್ತಾನೇ ಹೋಗಿದೆ, 250 ವೋಲ್ಟ್ ಕೆಪ್ಯಾಸಿಟರ್ ಎಷ್ಟು ಅಂತ ತಡ್ಕೊಳ್ಳುತ್ತೆ. ಅವಳ ಕಣ್ಣಿಗೆ ಏನೂ ಆಗ್ಲಿಲ್ಲ, ಆದ್ರೆ ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ತಪ್ಪು ಅವಳದ್ದಲ್ಲ. ಒಂದು ಕೆಟ್ಟ ಜಾಯಿಂಟಿಗೆ ಸಿಡಿಯೋ ಹಾಗೆ ಡಿಸೈನ್ ಮಾಡಿದ್ದು ನಾನು.

ಬೋರ್ಡ್ ಮತ್ತೆ ಬರೆದೆ. ಔಟ್‌ಪುಟ್‌ನಿಂದ ಫೀಡ್‌ಬ್ಯಾಕ್ ಪಿನ್ನಿಗೆ 100 ವೋಲ್ಟಿನ ಎರಡು ಝೀನರ್ (ತನ್ನ ವೋಲ್ಟೇಜ್ ದಾಟಿದ್ರೆ ಮಾತ್ರ ಕರೆಂಟ್ ಬಿಡೋ ಡಯೋಡು) ಸೀರೀಸಲ್ಲಿ ಹಾಕಿದೆ, ರೆಸಿಸ್ಟರ್ ಬಿಟ್ಟೋದ್ರೂ 200ರ ಹತ್ರ ನಿಲ್ಲುತ್ತೆ. ಬೇಕಂತ್ಲೇ ರೆಸಿಸ್ಟರ್ ಕಿತ್ತು, ದೂರ ನಿಂತು ನೋಡಿದೆ, ನಿಲ್ತು. 4.7 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿಗೆ ಅಡ್ಡ 470 ಕಿಲೋ ಓಮ್ ರೆಸಿಸ್ಟರ್ ಹಾಕಿದೆ, ಪ್ಲಗ್ ಕಿತ್ತ ಏಳೆಂಟು ಸೆಕೆಂಡಲ್ಲಿ ವೋಲ್ಟೇಜ್ 10ಕ್ಕಿಂತ ಕೆಳಗಿಳಿಯುತ್ತೆ.

ಕವರಿನ ಐಡಿಯಾ ಅಪ್ಪಂದು. ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಅಸೆಂಬ್ಲಿ ಮಾಡ್ತಿದ್ದೋರು. ಸಿಡಿದ ಬೋರ್ಡ್ ಕೈಯಲ್ಲಿ ಹಿಡ್ಕೊಂಡು "ಎಲ್ಲಾನೂ ಒಟ್ಟಿಗೆ ಕೊಟ್ರೆ ಯಾವುದನ್ನ ಮೊದಲು ನೋಡ್ಬೇಕು ಅಂತ ಹೆಂಗೆ ಗೊತ್ತಾಗುತ್ತೋ" ಅಂದ್ರು. ಈಗ ಎಂಟು ಕವರು, ಒಂದೊಂದಕ್ಕೂ ನಂಬರು. ಮೊದಲನೇ ಕವರಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರ್‌ಗಳು ಮಾತ್ರ, ಹಾಕಿದ್ಮೇಲೆ ಮಲ್ಟಿಮೀಟರಲ್ಲಿ ಅಳೆದು ಕಿಟ್ ಜೊತೆ ಕೊಡೋ ಪುಸ್ತಕದಲ್ಲಿರೋ ಖಾಲಿ ಜಾಗದಲ್ಲಿ ಬರೀಬೇಕು. ಮೂರನೇ ಕವರ್ ಮುಗಿದ್ಮೇಲೆ ಮೊದಲ ಸಲ ಪವರ್, 180 ಬಂತಾ ನೋಡ್ಬೇಕು. ಬಂದು ಹತ್ತು ನಿಮಿಷ ನಿಂತ್ರೆ ಮಾತ್ರ ಪ್ಲಗ್ ಕಿತ್ತು ಮುಂದಕ್ಕೆ. ಟ್ಯೂಬು ಇರೋದು ಎಂಟನೇದರಲ್ಲಿ. ಪುಸ್ತಕ ಪೂರ್ತಿ ಕನ್ನಡದಲ್ಲೇ ಬರೆದೆ, "ಒಂದು ಕೈ ಬೆನ್ನ ಹಿಂದೆ ಇಟ್ಕೊಂಡು ಅಳೀರಿ" (ಶಾಕ್ ಹೊಡೆದ್ರೂ ಎದೆ ಮೂಲಕ ಹಾಯಬಾರದು ಅಂತ) ಅನ್ನೋದನ್ನ ನಮ್ಮ ಮಾತಲ್ಲಿ ಹೇಳಿದ್ರೆ ಜನ ಪಾಲಿಸ್ತಾರೆ ಅಂತ ನನ್ನ ನಂಬಿಕೆ.

ಪಾರ್ಟ್ಸ್ ಹೆಚ್ಚಿನವು ಬೆಂಗಳೂರಿನ ಎಸ್‌ಪಿ ರೋಡಲ್ಲೇ ಸಿಕ್ತು. ಒಂದು ಎಚ್ಚರಿಕೆ: ಬೂಸ್ಟರ್ ಡಯೋಡ್ ಯುಎಫ್4007 ಕೇಳಿದ್ರೆ ಒಂದು ಅಂಗಡೀಲಿ "ಎರಡೂ ಒಂದೇ ಸಾರ್" ಅಂತ 1ಎನ್4007 ಕೊಟ್ರು. ಒಂದೇ ಅಲ್ಲ. 1ಎನ್4007 ನಿಧಾನದ ಡಯೋಡು, ಈ ಸ್ಪೀಡಲ್ಲಿ ಸ್ವಿಚ್ ಆಗೋಕಾಗ್ದೆ ಬೆರಳು ಸುಡೋ ಅಷ್ಟು ಬಿಸಿಯಾಗುತ್ತೆ. ಅದಕ್ಕೇ ಎರಡನೇ ಕವರಲ್ಲಿ ಒಂದು ಯುಎಫ್4007 ಎಕ್ಸ್‌ಟ್ರಾ ಹಾಕಿರ್ತೀನಿ, ಕಳೆದ್ರೆ ಯಾರೂ ಬದಲಿ ಹುಡುಕ್ಬಾರದು.

ಹುಡುಗಿ ಎರಡನೇ ಸಲ ಎರಡು ಭಾನುವಾರದಲ್ಲಿ ಮುಗಿಸಿದ್ಳು, ಮೊದಲನೇ ಪವರಿಗೇ 181 ವೋಲ್ಟ್. ಅವಳ ಪುಸ್ತಕದಲ್ಲಿ ಆ ನಂಬರಿನ ಸುತ್ತ ಗುಂಡಗೆ ಗೀಚಿದಾಳೆ.

ಕೊನೇಗೆ ಸೇರಿಸಿದ್ದು ಒಂದು ಸಾಫ್ಟ್‌ವೇರ್ ವಿಷ್ಯ. ತುಂಬಾ ಕಾಲ ಹೊತ್ತದೇ ಇರೋ ಅಂಕಿ ಮೇಲೆ ಪಕ್ಕದ ಅಂಕಿಗಳಿಂದ ಹಾರಿದ ಲೋಹ ಕೂತ್ಕೊಂಡು ಬೆಳಕು ತುಂಡುತುಂಡಾಗುತ್ತೆ, ಗಂಟೆಯ ಮೊದಲ ಟ್ಯೂಬಲ್ಲಿ 0, 1, 2 ಬಿಟ್ಟು ಬೇರೇನೂ ಹೊತ್ತೋದೇ ಇಲ್ವಲ್ಲ. ಅದಕ್ಕೆ ದಿನಾ ಬೆಳಗಿನ ಜಾವ ಮೂರಕ್ಕೆ ಹತ್ತು ನಿಮಿಷ ಎಲ್ಲಾ ಅಂಕಿಗಳೂ ಓಡೋ ಹಾಗೆ ಬರೆದೆ. ಮೊದಲನೇ ರಾತ್ರಿ ನೀರು ಕುಡಿಯೋಕೆ ಎದ್ದ ಅಪ್ಪ ಗಡಿಯಾರ ಕೆಟ್ಟೋಯ್ತು ಅಂತ ನನ್ನ ಎಬ್ಬಿಸಿದ್ರು. ಕಾರಣ ಹೇಳ್ದೆ. ಅಲ್ಲೇ ಕುರ್ಚಿ ಎಳ್ಕೊಂಡು ಮೂರೂ ಹತ್ತರವರೆಗೂ ನೋಡ್ತಾ ಕೂತ್ರು.