ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಟೆಸ್ಟ್: ಕರೆಂಟ್ ಏರಿಸುವ ಆತುರ ಬೇಡ

ಜಿನೀವಾ ಪಕ್ಕದ ಸರ್ನ್ ಅನ್ನುವ ಭೌತವಿಜ್ಞಾನ ಪ್ರಯೋಗಾಲಯದಲ್ಲಿ, ಕಣಗಳನ್ನು ಸುರಂಗದಲ್ಲಿ ಸುತ್ತಿಸಿ ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ 1232 ಡೈಪೋಲ್ (ಕಣಗಳ ದಾರಿ ಬಾಗಿಸುವ) ಮ್ಯಾಗ್ನೆಟ್‌ಗಳನ್ನೂ ಸುರಂಗಕ್ಕೆ ಇಳಿಸುವ ಮೊದಲು ಎಸ್‌ಎಂ18 ಅನ್ನುವ ಹಾಲ್‌ನಲ್ಲಿ ಒಂದೊಂದಾಗಿ ಟೆಸ್ಟ್ ಮಾಡಿದ್ದರು. ನಮ್ಮ ಅಣುಶಕ್ತಿ ಇಲಾಖೆಯ ಎಂಜಿನಿಯರ್‌ಗಳೂ ಸರದಿ ಮೇಲೆ ಹೋಗಿ ಅಲ್ಲಿ ದುಡಿದಿದ್ದಾರೆ. 15 ಮೀಟರ್ ಉದ್ದ, ಸುಮಾರು 35 ಟನ್ ತೂಕದ ಆ ಡೈಪೋಲನ್ನೇ ಇಟ್ಟುಕೊಂಡು, ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್, ಅಂದರೆ ತೀರಾ ತಣ್ಣಗಾದಾಗ ರೋಧವೇ ಇಲ್ಲದೆ ಕರೆಂಟ್ ಹರಿಸುವ ಮ್ಯಾಗ್ನೆಟ್ ಟೆಸ್ಟ್ ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಟೆಸ್ಟ್ ಬೆಂಚಿಗೆ ಜೋಡಿಸಿದ ತಕ್ಷಣ ಸೋರಿಕೆ ನೋಡಿ. ಆಮೇಲೆ ಹೈ ವೋಲ್ಟೇಜ್ ಕೊಟ್ಟು ಕಾಯಿಲ್‌ನ ಇನ್ಸುಲೇಷನ್ ಪರೀಕ್ಷಿಸಿ. ಈಗ ಸಿಕ್ಕ ತಪ್ಪು ಈಗಲೇ ಸರಿಹೋಗುತ್ತದೆ, ದ್ರವ ಹೀಲಿಯಂನಿಂದ 1.9 ಕೆಲ್ವಿನ್‌ಗೆ (ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್) ಇಳಿಸಿದ ಮೇಲೆ ಸಿಕ್ಕರೆ ಮತ್ತೆ ಬೆಚ್ಚಗೆ ಮಾಡಿಯೇ ಬಿಚ್ಚಬೇಕು. ತಣ್ಣಗಾದ ಮೇಲೂ ಇದೇ ಟೆಸ್ಟ್ ಇನ್ನೊಮ್ಮೆ ಬೇಕು, ಯಾಕೆಂದರೆ ಎಲ್ಲ ಕುಗ್ಗಿರುತ್ತದೆ.

ಈಗ ಎಲ್ಲರಿಗೂ ಕರೆಂಟ್ ಏರಿಸುವ ಆಸೆ. ತಡೆಯಿರಿ. 11,850 ಆಂಪಿಯರ್‌ನಲ್ಲಿ ಮ್ಯಾಗ್ನೆಟ್ 8.33 ಟೆಸ್ಲಾ ಕೊಡುತ್ತದೆ, ಜೊತೆಗೆ ಸುಮಾರು 7 ಮೆಗಾಜೂಲ್ ಶಕ್ತಿ ಒಳಗೆ ಕೂತಿರುತ್ತದೆ. ಕಾಯಿಲ್‌ನ ಒಂದು ಚೂರು ಬೆಚ್ಚಗಾಗಿ ಸೂಪರ್‌ಕಂಡಕ್ಟಿಂಗ್ ಗುಣ ಬಿಟ್ಟಿತು ಅನ್ನಿ, ಇದಕ್ಕೇ ಕ್ವೆಂಚ್ ಅನ್ನುವುದು, ಆ ಶಕ್ತಿಯೆಲ್ಲ ಅಷ್ಟು ಚಿಕ್ಕ ಜಾಗದಲ್ಲೇ ಇಳಿದರೆ ಕೇಬಲ್ ಸುಟ್ಟೇ ಹೋಗುತ್ತದೆ. ಅದಕ್ಕೇ ಕಾಯಿಲ್‌ನ ಎರಡು ಭಾಗಗಳ ವೋಲ್ಟೇಜ್ ನಡುವೆ 100 ಮಿಲಿವೋಲ್ಟ್ ವ್ಯತ್ಯಾಸ 10 ಮಿಲಿಸೆಕೆಂಡ್ ನಿಂತರೆ ಸಾಕು, ಕಾಯಿಲ್‌ಗೆ ತಾಗಿಸಿಟ್ಟ ಹೀಟರ್‌ಗಳು ಹೊತ್ತಿಕೊಂಡು ಇಡೀ ಕಾಯಿಲನ್ನೇ ಬೆಚ್ಚಗೆ ಮಾಡಿ ಶಕ್ತಿಯನ್ನು ಹಂಚಿಬಿಡುತ್ತವೆ. ಸುಡಬಾರದು ಅಂತ ಬಿಸಿ ಮಾಡುವುದು, ವಿಚಿತ್ರ ಅಲ್ವಾ! ಕಡಿಮೆ ಕರೆಂಟ್‌ನಲ್ಲೇ ಈ ಹೀಟರ್‌ಗಳನ್ನು ಬೇಕೆಂದೇ ಹೊತ್ತಿಸಿ. ಅವುಗಳಿಗೆ ಶಕ್ತಿ ಕೊಡುವ 900 ವೋಲ್ಟ್ ಕೆಪಾಸಿಟರ್ ಸರಿಯಾಗಿ ಖಾಲಿಯಾಗುತ್ತದಾ, ಗ್ರಾಫ್ ನೋಡಿ ಖಾತ್ರಿ ಮಾಡಿಕೊಳ್ಳಿ. ಸಣ್ಣ ಅನುಮಾನ ಇದ್ದರೂ ಮುಂದೆ ಹೋಗಬೇಡಿ.

ಆಮೇಲೆ ನಿಧಾನವಾಗಿ ಏರಿಸಿ. ಗುರಿ ಮುಟ್ಟುವ ಮೊದಲೇ ಕ್ವೆಂಚ್ ಆದರೆ ಮ್ಯಾಗ್ನೆಟ್ ಕೆಟ್ಟಿದೆ ಅಂತ ಗಾಬರಿ ಬೇಡ. ಕಾಂತಬಲದ ಒತ್ತಡಕ್ಕೆ ಕೇಬಲ್ ಕೂದಲೆಳೆಯಷ್ಟು ಜರುಗಿದರೂ ಕ್ವೆಂಚ್‌ಗೆ ಸಾಕು. ಜರುಗಿದ್ದು ಅಲ್ಲೇ ಕೂರುತ್ತದೆ, ಮುಂದಿನ ಸಲ ಇನ್ನೂ ಜಾಸ್ತಿ ಕರೆಂಟ್ ತಡೆಯುತ್ತದೆ. ಇದಕ್ಕೆ ಟ್ರೇನಿಂಗ್ ಅನ್ನುತ್ತಾರೆ. ಪ್ರತಿ ಸಲವೂ ಮತ್ತೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಸುಮ್ನೆ ಕಾಯಿರಿ. ಹೀಲಿಯಂ ಹೊರಗೆ ನುಗ್ಗಿದರೆ ಉಸಿರಾಡುವ ಆಮ್ಲಜನಕವೇ ಕಡಿಮೆಯಾಗುತ್ತದೆ, ಅಲಾರ್ಮ್ ಇಲ್ಲದೆ ಹತ್ತಿರ ಹೋಗಬೇಡಿ.

ಕೊನೆಗೆ ಜಾಯಿಂಟ್‌ಗಳು, ಅಂದರೆ ಕೇಬಲ್‌ಗೆ ಕೇಬಲ್ ಬೆಸೆದ ಜಾಗಗಳು. ಒಳ್ಳೆಯ ಜಾಯಿಂಟ್‌ನ ರೋಧ 0.3 ನ್ಯಾನೋ ಓಮ್ ಆಸುಪಾಸು, ಅಂದರೆ ಪೂರ್ತಿ ಕರೆಂಟ್‌ನಲ್ಲೂ ಕೈಗೆ ಸಿಗುವುದು ನಾಲ್ಕು ಮೈಕ್ರೋವೋಲ್ಟ್‌ಗಿಂತ ಕಡಿಮೆ. ಒಂದೇ ಸಲ ಅಳೆದು ನಂಬಬೇಡಿ. ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ನಿಲ್ಲಿಸಿ ಓದಿ, ಕರೆಂಟ್-ವೋಲ್ಟೇಜ್ ಗ್ರಾಫ್‌ನಲ್ಲಿ ಗೆರೆಯ ಇಳಿಜಾರು ನೋಡಿ, ಅದೇ ರೋಧ. 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ಸುಟ್ಟದ್ದು ಎರಡು ಮ್ಯಾಗ್ನೆಟ್‌ಗಳ ನಡುವಿನ ಇಂಥದ್ದೇ ಒಂದು ಜಾಯಿಂಟ್. ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು, 53 ಮ್ಯಾಗ್ನೆಟ್‌ಗಳನ್ನು ಮೇಲೆ ತರಬೇಕಾಯಿತು. ಅದು ಸುರಂಗದಲ್ಲಿ ಬೆಸೆದ ಜಾಯಿಂಟ್, ಬೆಂಚಿನ ಟೆಸ್ಟ್‌ನಲ್ಲಿ ಸಿಗುವಂಥದ್ದಲ್ಲ. ಆದ್ದರಿಂದ ಮ್ಯಾಗ್ನೆಟ್‌ಗಳನ್ನು ಇಳಿಸಿ ಜೋಡಿಸಿದ ಮೇಲೆ ಇದೇ ಅಳತೆಯನ್ನು ಅಲ್ಲೂ ಮಾಡಿ.