ಮೊದಲ ಪೋಲ್ ತರಗತಿ: ಒಂಬತ್ತು ಚಲನೆಗಳ ಪಟ್ಟಿ ಮೂರಕ್ಕೆ ಇಳಿದ ಬಗೆ

ನಾಲ್ಕು ವರ್ಷ ಪೋಲ್ ಡಾನ್ಸ್ ಕಲಿತ ಮೇಲೆ ಬೆಂಗಳೂರಿನಲ್ಲಿ ನಾನೇ ನಡೆಸಿದ ಮೊದಲ ಆರಂಭಿಕ ತರಗತಿಗೆ ಬರೆದುಕೊಂಡಿದ್ದ ಟಿಪ್ಪಣಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. 60 ನಿಮಿಷಗಳ ತರಗತಿಗೆಂದು ಅದರಲ್ಲಿ 9 ಚಲನೆಗಳಿವೆ: ಕಂಬದ ಸುತ್ತ ನಡಿಗೆ, ಕಂಬ ಹಿಡಿದು ಗಾಳಿಯಲ್ಲಿ ಸುತ್ತುವ ನಾಲ್ಕು ಬಗೆಯ ಸ್ಪಿನ್, ಹತ್ತುವುದು, ತೊಡೆಗಳ ನಡುವೆ ಕಂಬ ಹಿಡಿದು ಕೂರುವುದು, ಜೊತೆಗೆ ಎರಡು ಅಲಂಕಾರದ ತಿರುವುಗಳು. ಇವುಗಳಲ್ಲಿ ಕಲಿಸಲಾದದ್ದು ಮೂರು ಮಾತ್ರ, ಮೂರನೆಯದೂ ಅರ್ಧಕ್ಕೆ ನಿಂತಿತು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದ ಕೆಲಸವೊಂದು, ಅಂದರೆ ಕಂಬದಿಂದ ಇಳಿಯುವುದು, ತರಗತಿಯ ಕೊನೆಯ ಭಾಗವನ್ನು ತಿಂದುಹಾಕಿತು.

ಭಾನುವಾರ ಬೆಳಿಗ್ಗೆ ಖಾಲಿ ಇರುತ್ತಿದ್ದ ನೃತ್ಯಶಾಲೆಯೊಂದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದಿದ್ದೆ. ಜಾಗ ಹುಡುಕುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುತ್ತಿದ್ದುದು ಚಾವಣಿಯನ್ನು. ನೆಲಕ್ಕೂ ಚಾವಣಿಗೂ ನಡುವೆ ತಿರುಗಿಸಿ ಬಿಗಿಯುವ ಕಂಬಗಳು ನನ್ನವು. ಅವು ನಿಲ್ಲುವುದೇ ಒತ್ತಡದ ಬಲದಿಂದ, ಆದ್ದರಿಂದ ಮೇಲೆ ಗಟ್ಟಿ ಕಾಂಕ್ರೀಟು ಇರಲೇಬೇಕು. ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದ್ದ ಎರಡು ಒಳ್ಳೆಯ ಜಾಗಗಳನ್ನು ಇದೇ ಕಾರಣಕ್ಕೆ ಕೈಬಿಟ್ಟೆ. ಕೊನೆಗೆ ಸಿಕ್ಕ ಜಾಗದ ಮಾಲೀಕರು, "ಏನಮ್ಮಾ, ಇದು ಬಾರ್‌ನಲ್ಲಿ ಮಾಡೋ ಡಾನ್ಸ್ ಅಲ್ವಾ?" ಎಂದು ನೇರವಾಗಿ ಕೇಳಿದರು. ಈ ಪ್ರಶ್ನೆಗೆ ಸುಳ್ಳು ಹೇಳಬಾರದೆಂಬುದು ನನ್ನ ನಿಲುವು. ಇಂದಿನ ರೂಪದ ಪೋಲ್ ಡಾನ್ಸ್ ಬೆಳೆದು ಬಂದದ್ದು ಪಶ್ಚಿಮದ ಕ್ಲಬ್ಬುಗಳಲ್ಲಿ ಎಂಬುದನ್ನೂ, 2009ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟ ಹುಟ್ಟಿ ಅಂಕಗಳ ಆಧಾರದ ಸ್ಪರ್ಧೆಗಳು ನಡೆಯುತ್ತಿವೆ ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಕಂಬದ ಬುಡಕ್ಕೆ ಟೈಲ್ಸ್ ಒಡೆಯುವುದಿಲ್ಲ ತಾನೇ ಎಂದು ವಿಚಾರಿಸಿದರು. ಅವರಿಗಿದ್ದ ನಿಜವಾದ ಚಿಂತೆ ಅದೊಂದೇ.

ಮೂರು ಕಂಬಗಳಿಗೆ ಆರು ಜನರನ್ನು ಮಾತ್ರ ಸೇರಿಸಿಕೊಂಡೆ. ಒಂದು ಕಂಬಕ್ಕೆ ಇಬ್ಬರು ಎಂಬ ಲೆಕ್ಕ ಹಣದ ದೃಷ್ಟಿಯಿಂದ ಹಾಕಿದ್ದಲ್ಲ. ಹೊಸಬರ ಮುಂಗೈ ಎರಡು ಮೂರು ಪ್ರಯತ್ನಗಳಲ್ಲೇ ದಣಿಯುತ್ತದೆ, ದಣಿದ ಕೈ ಹೇಳದೆ ಕೇಳದೆ ಬಿಟ್ಟುಹೋಗುತ್ತದೆ. ಒಬ್ಬರು ಮಾಡುವಾಗ ಇನ್ನೊಬ್ಬರು ನಿಂತು ನೋಡಿದರೆ ಕೈಗೆ ವಿಶ್ರಾಂತಿಯೂ ಆಗುತ್ತದೆ, ಕಣ್ಣಿಗೆ ಪಾಠವೂ ಆಗುತ್ತದೆ. ಕಂಬದಿಂದ ಕಂಬಕ್ಕೆ ಎರಡೂವರೆ ಮೀಟರ್ ಅಂತರ ಬಿಟ್ಟೆ, ಏಕೆಂದರೆ ಹೊಸಬರ ಕಾಲು ಎತ್ತ ಹಾರುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಕಂಬಗಳು ಸ್ಪರ್ಧೆಗಳಲ್ಲಿ ಬಳಸುವ 45 ಮಿ.ಮೀ. ವ್ಯಾಸದ ಕ್ರೋಮ್ ಕಂಬಗಳು. ಕಂಬವೇ ತನ್ನ ಸುತ್ತ ತಿರುಗುವ ವ್ಯವಸ್ಥೆ ಅವುಗಳಲ್ಲಿದ್ದರೂ, ಮೂರನ್ನೂ ಅಲೆನ್ ಕೀಯಿಂದ ಬಿಗಿದು ತಿರುಗದಂತೆ ನಿಲ್ಲಿಸಿದೆ. ತಿರುಗುವ ಕಂಬ ನೋಡುವುದಕ್ಕೆ ಸುಲಭವೆನಿಸಿದರೂ ಮೊದಲ ದಿನ ತಲೆಸುತ್ತು ತರಿಸುವುದೇ ಹೆಚ್ಚು, ವೇಗವನ್ನು ಹತೋಟಿಯಲ್ಲಿಡುವುದೂ ಹೊಸಬರಿಗೆ ಆಗದ ಮಾತು.

ಬರುವವರಿಗೆ ವಾರದ ಮುಂಚೆಯೇ ಸೂಚನೆ ಕಳುಹಿಸಿದ್ದೆ: ಮಂಡಿಗಿಂತ ಮೇಲಿರುವ ಶಾರ್ಟ್ಸ್ ಧರಿಸಬೇಕು, ಆ ದಿನ ಮೈಗೆ ಕ್ರೀಮು, ಎಣ್ಣೆ ಏನನ್ನೂ ಹಚ್ಚಬಾರದು, ಉಂಗುರ ಬಳೆಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು. ಶಾರ್ಟ್ಸ್ ಏಕೆಂಬುದನ್ನು ಬಿಡಿಸಿ ಹೇಳದೆ ಹೋದದ್ದು ನನ್ನ ತಪ್ಪು. ಲೋಹವನ್ನು ಹಿಡಿದು ನಿಲ್ಲುವುದು ಚರ್ಮವೇ ಹೊರತು ಬಟ್ಟೆಯಲ್ಲ, ಲೆಗ್ಗಿಂಗ್ಸ್ ತೊಟ್ಟ ಕಾಲು ಕ್ರೋಮಿನ ಮೇಲೆ ಜಾರುಬಂಡೆಯಲ್ಲಿ ಜಾರಿದಂತೆ ಜಾರುತ್ತದೆ. ಇದು ತಿಳಿಯದಿದ್ದುದರಿಂದ ಇಬ್ಬರು, ಸಹಜವಾದ ಸಂಕೋಚದಿಂದ, ಪೂರ್ತಿ ಉದ್ದದ ಲೆಗ್ಗಿಂಗ್ಸ್ ತೊಟ್ಟು ಬಂದಿದ್ದರು. ಇನ್ನೊಬ್ಬರು ಸ್ನಾನವಾದೊಡನೆ ಅಭ್ಯಾಸಬಲದಿಂದ ಕೈಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರು. ಅವರು ಮುಟ್ಟಿದ ಕಂಬವನ್ನು ಸ್ಪಿರಿಟ್ ಹಾಕಿ ಮೂರು ಸಲ ಒರೆಸಿದರೂ ಜಾರು ಹೋಗಲಿಲ್ಲ, ಕೊನೆಗೆ ಅವರೇ ಸೋಪು ಹಚ್ಚಿ ಕಾಲು ತೊಳೆದು ಬಂದರು.

ಕಾಲುಂಗುರದ ಸಂಗತಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಕಲಿತ ಪಾಠಗಳಲ್ಲೆಲ್ಲ ಬೆರಳುಂಗುರದ ಮಾತಿತ್ತೇ ಹೊರತು ಇದರ ಸುಳಿವಿರಲಿಲ್ಲ. ನಲವತ್ತು ದಾಟಿದ ಬ್ಯಾಂಕ್ ಉದ್ಯೋಗಿಯೊಬ್ಬರು ಕಂಬದ ಮುಂದೆ ನಿಂತು, "ಮೇಡಂ, ಇದನ್ನ ಮದುವೆಯಾದಾಗಿಂದ ತೆಗೆದಿಲ್ಲ, ತೆಗೆಯೋಕೆ ಮನಸ್ಸೂ ಬರಲ್ಲ," ಎಂದರು. ಕಾಲುಂಗುರ ಕ್ರೋಮಿಗೆ ಗೀರು ಹಾಕುತ್ತದೆ, ಆ ಗೀರು ಮುಂದೆ ಇನ್ನೊಬ್ಬರ ಚರ್ಮ ಕೊಯ್ಯುತ್ತದೆ, ಹತ್ತುವಾಗ ಅದು ಪಕ್ಕದ ಬೆರಳಿಗೂ ಒತ್ತುತ್ತದೆ. ತೆಗೆಯಿರಿ ಎಂದು ಹಟ ಹಿಡಿಯುವ ಬದಲು, ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿದ್ದ ಬಟ್ಟೆಯ ಅಂಟುಪಟ್ಟಿಯನ್ನು ಎರಡೂ ಬೆರಳುಗಳಿಗೆ ನಾಲ್ಕು ಸುತ್ತು ಸುತ್ತಿಕೊಟ್ಟೆ. ಅಂದಿನಿಂದ ಆ ಅಂಟುಪಟ್ಟಿಯ ಸುರುಳಿ ನನ್ನ ಚೀಲದಿಂದ ಹೊರಗೆ ಹೋಗಿಲ್ಲ. ಈ ಎಲ್ಲ ಗಡಿಬಿಡಿಯಲ್ಲಿ ಹದಿನಾಲ್ಕು ನಿಮಿಷಗಳು ಕಳೆದಿದ್ದವು.

ಅದಾದ ಮೇಲೆ ನಾನು ಮಾಡಿದ್ದು ಆ ದಿನದ ಅತಿ ದೊಡ್ಡ ತಪ್ಪು. ಎಲ್ಲರಿಗೂ ಉತ್ಸಾಹ ಬರಲಿ ಎಂದುಕೊಂಡು, ತಲೆಕೆಳಗಾಗಿ ಕಾಲು ಚಾಚುವ ಭಂಗಿಯೂ ಸೇರಿದ ಒಂದು ನಿಮಿಷದ ಪ್ರದರ್ಶನವನ್ನು ಹಾಡು ಹಾಕಿ ಮಾಡಿ ತೋರಿಸಿದೆ. ಚಪ್ಪಾಳೆ ಬಂತು. ಆದರೆ ಕೆಳಗಿಳಿದು ನೋಡಿದರೆ ಆರು ಜನರೂ ಎರಡೆರಡು ಹೆಜ್ಜೆ ಹಿಂದೆ ಸರಿದಿದ್ದರು. ಬ್ಯಾಂಕಿನವರು, "ನಾವೂ ಇವತ್ತೇ ಇದನ್ನ ಮಾಡಬೇಕಾ?" ಎಂದು ಮೆಲ್ಲಗೆ ಕೇಳಿದರು. ನಾಲ್ಕು ವರ್ಷಗಳ ಹಿಂದೆ, ಒಂದು ಕೈಯಲ್ಲಿ ಕಂಬ ಹಿಡಿದು ಎರಡು ಕ್ಷಣ ನೇತಾಡುವುದೂ ನನ್ನಿಂದ ಆಗುತ್ತಿರಲಿಲ್ಲ. ಒಂಬತ್ತು ಚಲನೆಗಳ ಆ ಪಟ್ಟಿಯನ್ನು ಆಗಿನ ಮೈಯನ್ನು ಮರೆತು ಈಗಿನ ಮೈಯ ಅಳತೆಗೆ ಹೊಲಿದಿದ್ದೆನೆಂಬುದು ನನಗೆ ಅರಿವಾದದ್ದು ಈ ಪ್ರಶ್ನೆ ಕೇಳಿದಾಗಲೇ. ಟಿಪ್ಪಣಿಯನ್ನು ಮಡಚಿ ಚೀಲದಲ್ಲಿಟ್ಟೆ.

ಮೈ ಬಿಸಿ ಮಾಡುವ ವ್ಯಾಯಾಮದಲ್ಲಿ ಮಾತ್ರ ಯೋಜನೆಯನ್ನು ಬದಲಿಸಲಿಲ್ಲ. ಮಣಿಕಟ್ಟು, ಭುಜ, ಸೊಂಟ, ತೊಡೆಯ ಹಿಂಭಾಗ ಎಲ್ಲಕ್ಕೂ ಸೇರಿ ಹನ್ನೆರಡು ನಿಮಿಷ ಕೊಟ್ಟೆ. ಅದರ ನಡುವೆಯೇ ಆರೋಗ್ಯದ ನಮೂನೆಯಲ್ಲಿ ಬರೆದುಕೊಟ್ಟಿದ್ದನ್ನು ಒಬ್ಬೊಬ್ಬರ ಬಳಿ ಹೋಗಿ ಮತ್ತೆ ಬಾಯಿಬಿಟ್ಟು ಕೇಳಿದೆ. ಒಬ್ಬರಿಗೆ ಹಿಂದಿನ ವರ್ಷ ಬಲಭುಜದ ಕೀಲು ತಪ್ಪಿತ್ತೆಂಬುದು ನಮೂನೆಯಲ್ಲಿ ಇರಲಿಲ್ಲ, ಬಾಯಿಮಾತಿನಲ್ಲಿ ಹೊರಬಂತು. ಅವರಿಗೆ ಆ ದಿನ ನೇತಾಡುವ ಯಾವ ಚಲನೆಯನ್ನೂ ಕೊಡದೆ, ನೆಲದ ಮೇಲಿನ ತಿರುವುಗಳನ್ನೂ ನಡಿಗೆಯನ್ನೂ ಕೊಟ್ಟೆ. ಮೈಮುಟ್ಟಿ ಆಧಾರ ಕೊಡುವ ಮೊದಲು ಪ್ರತಿ ಸಲವೂ ಕೇಳುತ್ತೇನೆ, ಬೇಡವೆಂದರೆ ಮಾತಿನಲ್ಲೇ ತಿದ್ದುತ್ತೇನೆ ಎಂದು ಆಗಲೇ ಎಲ್ಲರಿಗೂ ತಿಳಿಸಿದೆ.

ಮೊದಲ ಪಾಠ ಭುಜದ್ದಾಗಿತ್ತು. ಕಂಬವನ್ನು ತಲೆಗಿಂತ ಮೇಲೆ ಒಂದು ಕೈಯಿಂದ ಹಿಡಿದು ಭಾರ ಬಿಟ್ಟೊಡನೆ ಹೊಸಬರ ಭುಜ ಕಿವಿಯ ತನಕ ಏರುತ್ತದೆ, ಆಗ ಇಡೀ ದೇಹದ ತೂಕ ಸ್ನಾಯುಗಳ ಬದಲು ಕೀಲಿನ ಮೇಲೆ ಬೀಳುತ್ತದೆ. ಭುಜಫಲಕವನ್ನು ಕೆಳಗೆ ಎಳೆದುಕೊಳ್ಳಿ ಎಂದರೆ ಯಾರಿಗೂ ಅರ್ಥವಾಗಲಿಲ್ಲ. "ಕುಪ್ಪಸದ ತೋಳು ಮೇಲೆ ಸರಿದಿದೆ, ಕೈ ಮುಟ್ಟಿಸದೆ ಭುಜದಿಂದಲೇ ಅದನ್ನು ಕೆಳಗೆ ಇಳಿಸಿ," ಎಂದಾಗ ನಾಲ್ಕು ಜನರ ಭುಜ ತಟಕ್ಕನೆ ಸರಿಯಾದ ಜಾಗಕ್ಕೆ ಬಂತು. ಹೀಗೆ ಭುಜವನ್ನು ಹಿಡಿದಿಟ್ಟುಕೊಂಡು, ಕಂಬವನ್ನು ಬಲಕ್ಕಿಟ್ಟು, ತೋಳಿನಷ್ಟು ದೂರದಲ್ಲಿ, ಮುಂಗಾಲಿನ ಮೇಲೆ ಸುತ್ತ ನಡೆಯುವುದನ್ನು ಎರಡೂ ಬದಿಗೆ ಮಾಡಿಸಿದೆ. ಎಡಗೈ ದುರ್ಬಲವೆಂದು ಅದನ್ನು ಬಿಟ್ಟರೆ ಆರು ತಿಂಗಳಲ್ಲಿ ಬೆನ್ನಿನ ಒಂದೇ ಪಕ್ಕ ಬಲಿಯುತ್ತದೆ. ನನಗೆ ಹಾಗೆಯೇ ಆಗಿತ್ತು.

ಎರಡನೆಯದು ಫೈರ್‌ಮನ್ ಸ್ಪಿನ್. ಬಲಗೈ ಮೇಲೆ, ಎಡಗೈ ಎದೆಯ ಮಟ್ಟದಲ್ಲಿ, ಬಲಗಾಲು ಕಂಬದ ಪಕ್ಕಕ್ಕೆ ಒಂದು ಹೆಜ್ಜೆ, ಎಡಗಾಲು ಹೊರಗಿನಿಂದ ಅಗಲವಾಗಿ ಬೀಸಿಕೊಂಡು ಬಂದು ಎರಡೂ ಮಂಡಿಗಳು ಕಂಬವನ್ನು ಅಪ್ಪಬೇಕು. ತಿರುಗುವ ಶಕ್ತಿ ಬರುವುದು ಆ ಬೀಸಿನಿಂದಲೇ. ಆದರೆ ಭಯವಿರುವಾಗ ಎಲ್ಲರೂ ಬೀಸುವ ಬದಲು ನೆಟ್ಟಗೆ ಮೇಲಕ್ಕೆ ಹಾರುತ್ತಾರೆ, ಎದೆಯನ್ನು ಕಂಬಕ್ಕೆ ಅಂಟಿಸಿಕೊಳ್ಳುತ್ತಾರೆ, ಮತ್ತು ಇದ್ದಲ್ಲೇ ಕೆಳಗೆ ಜಾರುತ್ತಾರೆ. ಅದನ್ನು ಎರಡು ತುಂಡು ಮಾಡಿದೆ: ಹತ್ತು ಸಲ ಬರಿಯ ಬೀಸು ಮಾತ್ರ, ಕಾಲು ಮತ್ತೆ ನೆಲಕ್ಕೆ, ಆಮೇಲಷ್ಟೇ ಮಂಡಿ ಸೇರಿಸುವುದು. ಇಲ್ಲಿ ಇನ್ನೊಂದು ಎಡವಟ್ಟೂ ಆಯಿತು. ಎದುರಿಗೆ ನಿಂತು ತೋರಿಸುತ್ತಿದ್ದುದರಿಂದ ನನ್ನ ಬಲ ಅವರಿಗೆ ಎಡವಾಗಿ, ಇಬ್ಬರು ತದ್ವಿರುದ್ಧ ದಿಕ್ಕಿಗೆ ಹೊರಟು ಒಬ್ಬರ ಕಾಲು ಮತ್ತೊಬ್ಬರ ಮೊಣಕಾಲಿಗೆ ತಗುಲಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಅಲ್ಲಿಂದ ಮುಂದೆ ಅವರಿಗೆ ಬೆನ್ನು ಮಾಡಿ, ಕನ್ನಡಿಯಲ್ಲಿ ಅವರನ್ನು ನೋಡುತ್ತ ತೋರಿಸಿದೆ, ಎಡ ಬಲ ಎನ್ನುವ ಬದಲು "ಕಂಬದ ಕಡೆಯ ಕಾಲು, ಹೊರಗಿನ ಕಾಲು" ಎಂದೆ.

ಹತ್ತುವುದನ್ನು ಆರಂಭಿಸುವಾಗ ಇನ್ನು ಹದಿನೈದು ನಿಮಿಷಗಳಿದ್ದವು. ನಾನು ಸಾಗರದ ಕಡೆಯವಳು. ಅಡಿಕೆ ಕೊಯ್ಲಿನಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಮರದ ತುದಿಯಲ್ಲಿ ಎರಡೂ ಕೈ ಬಿಟ್ಟು ಕೆಲಸ ಮಾಡುವುದನ್ನು ನೋಡುತ್ತ ಬೆಳೆದವಳು. ಹಿಡಿಯುವ ಕೆಲಸ ಕಾಲಿನದು, ಕೈ ಮುಂದಿನ ಕೆಲಸಕ್ಕೆ ಖಾಲಿ ಇರಬೇಕು ಎಂಬುದನ್ನು ವಿವರಿಸಲು ಆ ಚಿತ್ರ ನೆರವಿಗೆ ಬಂತು. ಮುಂದಿನ ಕಾಲಿನ ಪಾದವನ್ನು ಮಡಚಿ ಮಂಡಿಯ ಕೆಳಗಿನ ಕಾಲಿನ ಮುಂಭಾಗ ಮತ್ತು ಮಂಡಿಯ ಒಳಬದಿ ಕಂಬಕ್ಕೆ ಒತ್ತಬೇಕು, ಇನ್ನೊಂದು ಕಾಲಿನ ಮೀನಖಂಡ ಕಂಬದ ಆಚೆ ಬದಿಯಿಂದ ಒತ್ತಬೇಕು. ಕಂಬ ನಡುವೆ ಸಿಕ್ಕಿಕೊಳ್ಳುತ್ತದೆ. ನೋವಾಗುತ್ತದೆ, ಚರ್ಮ ಕಂದುಗಟ್ಟುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಮೊದಲೇ ಹೇಳಿದೆ.

ಆರು ಜನರಲ್ಲಿ ಗದಗಿನ ಕಡೆಯ ಹುಡುಗಿಯೊಬ್ಬಳು ಶಾಲೆಯಲ್ಲಿದ್ದಾಗ ಮಲ್ಲಕಂಬ ಆಡಿದ್ದವಳು. ಅವಳಿಗೆ ಎಲ್ಲವೂ ಸುಲಭವೆಂದುಕೊಂಡಿದ್ದೆ, ಆದರೆ ಅವಳು ಎರಡು ಸಲ ಸರ್ರನೆ ಜಾರಿದಳು. "ಅಕ್ಕಾರ, ನಮ್ಮ ಕಂಬಕ್ಕ ಔಡಲೆಣ್ಣಿ ಹಚ್ಚತಿದ್ರು, ಆದ್ರೂ ಹಿಂಗ ಜಾರ್ತಿರಲಿಲ್ರಿ," ಎಂದಳು. ಅವಳ ಮಾತಿನಲ್ಲಿ ಒಂದು ಸೂಕ್ಷ್ಮವಿತ್ತು. ಮಲ್ಲಕಂಬದ ಮರ ದಪ್ಪ, ಬುಡದಿಂದ ತುದಿಗೆ ಕಿರಿದಾಗುತ್ತ ಹೋಗುತ್ತದೆ, ಮರಕ್ಕೆ ಮೈ ಅತಿಯಾಗಿ ಉಜ್ಜದಿರಲೆಂದೇ ಎಣ್ಣೆ ಹಚ್ಚುತ್ತಾರೆ. ಕ್ರೋಮಿನಲ್ಲಿ ನಮಗೆ ಬೇಕಾದದ್ದು ಅದರ ವಿರುದ್ಧ. ತಣ್ಣನೆಯ ಲೋಹ ಹೆಚ್ಚು ಜಾರುತ್ತದೆಂದು ಹೇಳಿ, ಅಂಗೈಯಿಂದ ಒಂದು ನಿಮಿಷ ಉಜ್ಜಿ ಬೆಚ್ಚಗೆ ಮಾಡಿಸಿದೆ. ಮೂರನೆಯ ಸಲ ಅವಳು ಮೂರು ಹಿಡಿ ಮೇಲೇರಿದಳು.

ಏರಿದವಳು ಅಲ್ಲೇ ನಿಂತಳು. ಇಳಿಯುವುದು ಹೇಗೆಂದು ನಾನು ಹೇಳಿಯೇ ಇರಲಿಲ್ಲ. ಮಲ್ಲಕಂಬದ ಅಭ್ಯಾಸದಲ್ಲಿ ಅವಳು ಜಿಗಿಯಲು ಮೈ ಸಜ್ಜು ಮಾಡುತ್ತಿದ್ದುದನ್ನು ಕಂಡು, "ಜಿಗೀಬೇಡ, ಹಾಗೇ ಇರು," ಎಂದು ಓಡಿದೆ. ಕೆಳಗೆ ಮ್ಯಾಟ್ ಇತ್ತು, ಆದರೆ ಮ್ಯಾಟ್ ಇರುವುದು ಜಾರಿ ಬಿದ್ದವರಿಗಾಗಿ, ಜಿಗಿಯುವವರಿಗಾಗಿ ಅಲ್ಲ. ಅದರ ಅಂಚಿನ ಮೇಲೆ ಪಾದ ಬಿದ್ದರೆ ಕಾಲಿನ ಗಂಟು ಉಳುಕುವುದು ಖಚಿತ. ಉಳಿದ ಹೊತ್ತೆಲ್ಲ ಇಳಿಯುವುದಕ್ಕೇ ಮೀಸಲಾಯಿತು. ಕಾಲಿನ ಒತ್ತನ್ನು ಸ್ವಲ್ಪವೇ ಸಡಿಲಿಸಿ, ಕೈಯನ್ನು ಜಾರಿಸದೆ ಒಂದರ ಕೆಳಗೊಂದು ಇಟ್ಟು, ನೆಲ ಮುಟ್ಟುವ ಮುನ್ನ ಕೆಳಗೆ ನೋಡಬೇಕು. ಅಂಗೈ ಜಾರಿಸಿದವರಿಗೆ ಬೊಬ್ಬೆ ಏಳುತ್ತದೆ. ಅಚ್ಚರಿಯೆಂದರೆ, ಇಳಿಯಲು ಕಲಿತ ಮೇಲೆ ಅಲ್ಲಿಯವರೆಗೆ ನೆಲ ಬಿಡಲು ಹೆದರಿದ್ದ ಇಬ್ಬರೂ ಕೇಳದೆಯೇ ಒಂದು ಹಿಡಿ ಮೇಲೇರಿದರು.

ಮರುದಿನ ಸಂಜೆ ಬ್ಯಾಂಕಿನವರು ಮೀನಖಂಡದ ನೀಲಿ ಗುರುತಿನ ಚಿತ್ರ ಕಳುಹಿಸಿ, ಇದು ಎಷ್ಟು ದಿನ ಇರುತ್ತದೆಂದು ವಿಚಾರಿಸಿದರು. ಒಂದು ವಾರ ಎಂದು ಬರೆದೆ. ಮುಂದಿನ ಭಾನುವಾರದ ಟಿಪ್ಪಣಿಯಲ್ಲಿ ಪ್ರದರ್ಶನವನ್ನು ತೆಗೆದುಹಾಕಿ, ಮೊದಲ ಸಾಲಿನಲ್ಲಿ ಇಳಿಯುವುದು, ಎರಡನೆಯ ಸಾಲಿನಲ್ಲಿ ಹತ್ತುವುದು ಎಂದು ಬರೆದು, ಕಾಗದದ ಉಳಿದ ಭಾಗವನ್ನು ಖಾಲಿ ಬಿಟ್ಟೆ.